ನಮ್ಮ ಕಾರಿಗೆ ಇನ್ಯಾರೆಲ್ಲ ಗೊತ್ತು?

“ಈ ಗಾಡಿ ನಿಮ್ದೇ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು ಯಜಮಾನ್ರೇ?”

ಭಾನುವಾರದಿಂದ ಈ ಮಾತು ನನ್ನ ತಲೆಯಲ್ಲಿ ಸುತ್ತುತ್ತಲೇ ಇದೆ. ಕೇಳಿದವರು ಮೈಸೂರಿನಿಂದ ಬಂದಿದ್ದ ಕೀ ರಿಪೇರಿಯವರು. ಕೇಳಿದ್ದು ನಮ್ಮ ಅಪ್ಪನನ್ನು. ಮೇಲುಕೋಟೆಯ ಕಲ್ಯಾಣಿ ಹತ್ತಿರದ ರಸ್ತೆ ಬದಿ, ಮಟಮಟ ಮಧ್ಯಾಹ್ನ. ಅಪ್ಪನ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಅಮ್ಮ, “ಕೇಳೋದು ಅವರ ಧರ್ಮ ಅಲ್ವಾ? ಆರ್‌ಸಿ ತೋರ್ಸಿ” ಅಂದರು.

ನಾಮಕರಣದ ಊಟ ಮುಗಿಸಿ ಕಲ್ಯಾಣಿಗೆ ಇಳಿದಿದ್ದೆವು. ಅಪ್ಪ ಕಾಲು ತೊಳೆಯಲು ಬಗ್ಗಿದರು. ಅಂಗಿ ಜೇಬಿನ ಕೀ ಜಾರಿ, ಮೆಟ್ಟಿಲಿಗೆ ಬಡಿದು ನೀರಿಗೆ ಹೋಯಿತು. ಊರಿನ ಹುಡುಗನೊಬ್ಬ ಸೊಂಟದುದ್ದ ನೀರಿಗಿಳಿದು, ಒಂದೊಂದೇ ಮೆಟ್ಟಿಲ ಮೇಲೆ ಕಾಲಾಡಿಸಿ ನೋಡಿದ. ಹಸಿರು ನೀರು, ಒಳಗೆ ಏನೂ ಕಾಣುವುದಿಲ್ಲ. ಇನ್ನೂ ಕೆಳಗೆ ಹೋಗುತ್ತೇನೆ ಅಂದ. ಅಮ್ಮ ಬೇಡವೇ ಬೇಡ ಅಂದರು. ಒಂದು ಕೀಗೋಸ್ಕರ ಯಾರ ಮನೆ ಮಗನನ್ನೂ ಆಳದ ನೀರಿಗೆ ಇಳಿಸಬಾರದು.

ಎರಡನೇ ಕೀ ಎಲ್ಲಿ ಅಂತ ಎಲ್ಲರೂ ಕೇಳಿದರು. ಇರಲಿಲ್ಲ. ಕಾರು ಸೆಕೆಂಡ್ ಹ್ಯಾಂಡ್. ಮಾರಿದವರು ಒಂದೇ ಕೀ ಕೊಟ್ಟಿದ್ದರು. “ಇನ್ನೊಂದು ಮನೇಲೆಲ್ಲೋ ಇದೆ, ಹುಡುಕಿ ಕೊಡ್ತೀನಿ” ಅಂದಿದ್ದರಂತೆ. ಅಪ್ಪ ಒಂದೆರಡು ಸಲ ನೆನಪಿಸಿ, ಆಮೇಲೆ ಕೇಳುವುದಕ್ಕೆ ಸಂಕೋಚಪಟ್ಟು ಬಿಟ್ಟುಬಿಟ್ಟರು. ಅಪ್ಪನ ಸ್ವಭಾವವೇ ಹಾಗೆ. ತಮಗೆ ಬರಬೇಕಾದ್ದನ್ನು ಕೇಳಿ ಪಡೆಯುವುದು ಅವರಿಗೆ ಬಹಳ ಕಷ್ಟ. ಆ ಮಾರಿದವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಕಾರು ಮಾರುವ ದಿನ ಸಿಗದ ಕೀ ಆಮೇಲೆ ಒಂದು ದಿನವೂ ಸಿಗಲಿಲ್ಲವೇ?

ಸುತ್ತ ಜನ ಸೇರಿದರು, ಸಲಹೆಗಳೂ ಸೇರಿದವು. ಮಾವ ಬಂದವರೇ, “ಗ್ಲಾಸ್ ಒಡೆದು, ಸ್ಟೇರಿಂಗ್ ಕೆಳಗೆ ಎರಡು ವೈರ್ ಜೋಡಿಸಿದ್ರೆ ಆಯ್ತು” ಅಂದರು. ಅವರು ತುಂಬಾ ಹಳೆಯ ಕಾರುಗಳನ್ನು ಓಡಿಸಿದವರು. ಅವರ ಕಾಲಕ್ಕೆ ಅದು ನಿಜವೇ. ಚಿಕ್ಕಪ್ಪ ಶೋರೂಮಿಗೆ ಫೋನ್ ಮಾಡಿದರು. ಗಾಡಿಯನ್ನು ಎಳೆದು ತರಬೇಕು, ಆರ್‌ಸಿ, ಆಧಾರ್, ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ ಬೇಕು, ಕೀ ಕಂಪನಿಯಿಂದ ಬರಬೇಕು, ದಿನ ಹಿಡಿಯುತ್ತದೆ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಜೊತೆ ಸಕ್ಕರೆ ಕಾಯಿಲೆಯ ಅಜ್ಜಿ ಇದ್ದರು. ಕಾರು ಸುಡುವ ಬಿಸಿಲಲ್ಲಿತ್ತು, ಅಜ್ಜಿಯ ಮಾತ್ರೆ ಕಾರಿನೊಳಗಿತ್ತು.

ಹಾಗಾಗಿ ಯಾರೋ ಕೊಟ್ಟ ಕೀ ರಿಪೇರಿಯವರ ನಂಬರಿಗೆ ಫೋನ್ ಮಾಡಿದೆ. ಎಲ್ಲರೂ ಅವರನ್ನು ಭಾಯ್ ಅಂತ ಕರೆಯುತ್ತಾರೆ. ನಾನೂ ಹಾಗೇ ಕರೆದೆ. ಫೋನಿನಲ್ಲೇ ಗಾಡಿ ಯಾವುದು, ಮಾಡೆಲ್ ಯಾವ ವರ್ಷದ್ದು, ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ಲೈಟ್ ಬರುತ್ತಾ ಅಂತ ಕೇಳಿದರು. ಮಾತ್ರೆ ವಿಷಯ ಹೇಳಿದ ತಕ್ಷಣ, “ಅದನ್ನ ಮೊದ್ಲು ಮೆಡಿಕಲ್ಸ್‌ನಲ್ಲಿ ತಗೊಳ್ಳಿ ಮೇಡಂ, ನನಗೆ ಕಾಯ್ಬೇಡಿ” ಅಂದರು. ಆ ಗಲಾಟೆಯಲ್ಲಿ ಇಷ್ಟು ಸರಳವಾದ ಮಾತು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಬೈಕಿನಲ್ಲಿ ಬಂದರು. ಹೆಗಲಿಗೆ ಒಂದು ಬ್ಯಾಗು. ಕಾರನ್ನು ಮುಟ್ಟುವ ಮೊದಲು ಕೇಳಿದ್ದೇ ಆ ಪ್ರಶ್ನೆ. ಸುತ್ತ ನಮ್ಮ ನೆಂಟರೇ ನಿಂತಿದ್ದರು. ಅಪ್ಪ ಬಿಳಿ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟುಕೊಂಡಿದ್ದರು. ಆದರೂ ಕೇಳಿದರು. ಅಪ್ಪ ಫೋನಿನಲ್ಲಿ ಆರ್‌ಸಿ ತೋರಿಸಿದರು. ಭಾಯ್ ಅದರಲ್ಲಿದ್ದ ಹೆಸರನ್ನು ಆಧಾರ್ ಜೊತೆ ತಾಳೆ ನೋಡಿದರು. ಬಾಗಿಲು ತೆಗೆದ ಮೇಲೆ ಚಾಸಿ ನಂಬರ್ ಕೂಡ ನೋಡುತ್ತೇನೆ, ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸುತ್ತೇನೆ ಅಂದರು. ರಬ್ಬರ್ ಬ್ಯಾಂಡ್ ಹಾಕಿದ್ದ ಉದ್ದನೆಯ ನೋಟ್‌ಬುಕ್ ತೆಗೆದು, ಗಾಡಿ ನಂಬರ್, ಅಪ್ಪನ ಹೆಸರು, ಫೋನ್ ನಂಬರ್ ಬರೆದು ಸಹಿ ಹಾಕಿಸಿಕೊಂಡರು. ಅಪ್ಪ ಸಹಿ ಹಾಕಿದ ರೀತಿ ನೋಡಿದರೆ ಪೆನ್ನು ಹಾಳೆಯನ್ನು ಹರಿಯುತ್ತದೆ ಅನ್ನಿಸಿತು.

ಆಮೇಲೆ ನೋಡಿದ್ದು ಮಾತ್ರ ನಾನು ಮರೆಯುವುದಿಲ್ಲ. ಹಲ್ಲು ಕೊರೆಯದ ಖಾಲಿ ಕೀ, ಅವರ ಬಾಯಲ್ಲಿ ಬ್ಲ್ಯಾಂಕ್. ಅದನ್ನು ಡ್ರೈವರ್ ಬಾಗಿಲಿನ ತೂತಿಗೆ ಹಾಕಿ, ಬಿಗಿಯಾಗಿ ಆಚೆ ಈಚೆ ಅಲುಗಿಸಿದರು. ಹೊರಗೆ ತೆಗೆದು, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಬಿಸಿಲಿಗೆ ಹಿಡಿದರು. ನನಗೂ ತೋರಿಸಿದರು. ಹೊಳೆಯುವ ಹಿತ್ತಾಳೆಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಗುರುತು. ಒಳಗಿನ ಬೀಗದ ತಗಡು ಎಲ್ಲಿ ಅಡ್ಡ ಬಂತೋ ಅಲ್ಲಿ ಅಚ್ಚು ಬಿದ್ದಿತ್ತು. ಅಲ್ಲಿ ಮಾತ್ರ ಅರದಿಂದ ಒಂದೆರಡು ಸಲ ಉಜ್ಜಿದರು. ಮತ್ತೆ ಹಾಕಿದರು, ಅಲುಗಿಸಿದರು, ತೆಗೆದರು, ನೋಡಿದರು, ಉಜ್ಜಿದರು. ಗುರುತು ಬೀಳುವುದು ನಿಂತರೆ ಆ ಜಾಗ ಸರಿಯಾಯಿತು ಎಂದರ್ಥ. ಒಂದು ಎಳೆ ಜಾಸ್ತಿ ಉಜ್ಜಿದರೂ ಆ ಬ್ಲ್ಯಾಂಕ್ ಹಾಳು, ಮೊದಲಿನಿಂದ ಶುರು ಮಾಡಬೇಕು. ಮಾವ ಮಾತು ನಿಲ್ಲಿಸಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದರು. ಕೊನೆಗೆ ಕೀ ತಿರುಗಿತು. ಬಾಗಿಲು ತೆರೆಯಿತು. ಮಕ್ಕಳು ಚಪ್ಪಾಳೆ ಹೊಡೆದರು.

ಚಾಸಿ ನಂಬರ್ ತಾಳೆಯಾಯಿತು. ಭಾಯ್ ಅದೇ ಕೀಯನ್ನು ಸ್ಟೇರಿಂಗ್ ಪಕ್ಕ ಹಾಕಿ ತಿರುಗಿಸಿ ತೋರಿಸಿದರು. ಸೆಲ್ಫ್ ಹೊಡೆಯಿತು. ಇಂಜಿನ್ ಹತ್ತಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ಲೈಟ್ ಮಿಣುಕತೊಡಗಿತು.

“ನೋಡಿ, ಕಬ್ಬಿಣದ ಕೆಲಸ ಮುಗೀತು. ಗಾಡಿ ಇನ್ನೂ ಒಪ್ಪಿಲ್ಲ” ಅಂದರು.

ಇದನ್ನು ನಾನು ಸರಿಯಾಗಿ ತಿಳಿದುಕೊಂಡದ್ದು ಅಲ್ಲೇ. ಮನೆಗೆ ಬಂದ ಮೇಲೆ ಓದಿ ಇನ್ನಷ್ಟು ಖಚಿತ ಮಾಡಿಕೊಂಡೆ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಕಿಲ್ಲ. ಕೀ ಹಾಕುವ ತೂತಿನ ಸುತ್ತ ತಾಮ್ರದ ತಂತಿಯ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಆ ಸುರುಳಿಯಿಂದ ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ಅಲೆ ಹೊರಡುತ್ತದೆ. ಚಿಪ್ ಎಚ್ಚರಗೊಳ್ಳುವುದಕ್ಕೆ ಆ ಅಲೆಯಿಂದ ಸಿಗುವ ಕರೆಂಟೇ ಸಾಕು. ಹಳೆಯ ಚಿಪ್‌ಗಳು ಒಂದೇ ನಂಬರನ್ನು ಯಾವಾಗಲೂ ಒಪ್ಪಿಸುತ್ತಿದ್ದವು. ನಂತರ ಬಂದವು ಬೇರೆ ಥರ. ಕಾರು ಪ್ರತಿ ಸಲ ಹೊಸದೊಂದು ಸಂಖ್ಯೆ ಕಳಿಸುತ್ತದೆ. ಚಿಪ್ ತನ್ನೊಳಗಿನ ಗುಟ್ಟಿನ ಜೊತೆ ಅದನ್ನು ಸೇರಿಸಿ ಲೆಕ್ಕ ಮಾಡಿ ಉತ್ತರ ಕಳಿಸುತ್ತದೆ. ಗುಟ್ಟು ಮಾತ್ರ ಹೊರಗೆ ಬರುವುದೇ ಇಲ್ಲ. ಉತ್ತರ ಸರಿಯಿದ್ದರೆ ಮಾತ್ರ ಇಂಜಿನ್ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ಹಳ್ಳಿಯಲ್ಲಿ ರಾತ್ರಿ ಬಾಗಿಲು ತಟ್ಟಿದರೆ ಒಳಗಿನಿಂದ “ಯಾರು?” ಅಂತ ಕೇಳಿ, ದನಿಯ ಗುರುತು ಸಿಕ್ಕ ಮೇಲೆ ಚಿಲಕ ತೆಗೆಯುತ್ತಾರಲ್ಲ, ಹಾಗೆ. ಇದರ ಹೆಸರು ಇಮೊಬಿಲೈಸರ್. ಮಾವ ಹೇಳಿದಂತೆ ವೈರ್ ಜೋಡಿಸಿದ್ದರೆ ಸೆಲ್ಫ್ ಹೊಡೆಯುತ್ತಿತ್ತೇನೋ. ಇಂಜಿನ್ ಹತ್ತುತ್ತಿರಲಿಲ್ಲ. ಗಾಜು ಹೋಗುತ್ತಿತ್ತು, ಅಷ್ಟೇ.

ಬಾಗಿಲು ತೆಗೆಯುವ ರಿಮೋಟ್ ಗುಂಡಿಯ ಲೆಕ್ಕವೇ ಬೇರೆ. ಅದಕ್ಕೆ ಬಟನ್ ಬ್ಯಾಟರಿ ಬೇಕು. ನಮ್ಮಲ್ಲಿ ಹೆಚ್ಚಾಗಿ 433 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಗುಂಡಿ ಒತ್ತಿದಾಗಲೆಲ್ಲ ಕೋಡ್ ಬದಲಾಗುತ್ತದೆ. ಹಾಗಾಗಿ ಯಾರಾದರೂ ಗಾಳಿಯಲ್ಲಿ ಹೋಗುವ ಕೋಡನ್ನು ಹಿಡಿದಿಟ್ಟುಕೊಂಡು ಮತ್ತೆ ಕಳಿಸಿದರೆ ಕಾರು ಒಪ್ಪುವುದಿಲ್ಲ. ರಿಮೋಟ್ ಬ್ಯಾಟರಿ ಸತ್ತರೂ ಇಂಜಿನ್ ಹತ್ತುತ್ತದೆ. ಬಟನ್ ಸ್ಟಾರ್ಟ್ ಕಾರುಗಳಲ್ಲಿ ಕೂಡ ಸಾಮಾನ್ಯವಾಗಿ ರಿಮೋಟನ್ನು ಬಟನ್‌ಗೆ ತಾಗಿಸಿ ಹಿಡಿದು ಒತ್ತಿದರೆ ಸಾಕು. ಒಳಗಿನ ಚಿಪ್‌ಗೆ ಕಾರೇ ಕರೆಂಟು ಕೊಡುತ್ತದೆ. ಬಾಗಿಲಿಗೆ ಬೇಕಾದ ಸಣ್ಣ ಲೋಹದ ಕೀ ಆ ರಿಮೋಟಿನ ಹೊಟ್ಟೆಯಲ್ಲೇ ಇರುತ್ತದೆ. ತಂಗಿ ಬಟನ್ ಸ್ಟಾರ್ಟ್ ಕಾರು ಓಡಿಸುತ್ತಾಳೆ. ಅವಳಿಗೆ ಇದು ಗೊತ್ತೇ ಇರಲಿಲ್ಲ. ಕಾರು ಕೊಡುವ ದಿನ ದೊಡ್ಡ ರಿಬ್ಬನ್ ಕಟ್ಟಿ ಫೋಟೊ ತೆಗೆಯುವವರು ಈ ಎರಡು ಮಾತು ಹೇಳಬಾರದೇ?

ಇಂಥ ಗುರುತು ಕೇಳುವ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಉದಾಹರಣೆ ಇದೆ. ಬ್ರಿಟನ್ನಿನಲ್ಲಿ 1998ರಿಂದಲೇ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯ. ಅಮೆರಿಕದಲ್ಲಿ ಹಾಗಿರಲಿಲ್ಲ. ಅಲ್ಲಿ 2011ರಿಂದ 2021ರವರೆಗೆ ಮಾರಾಟವಾದ ಹಲವು ಹ್ಯುಂಡೈ, ಕಿಯಾ ಮಾಡೆಲ್‌ಗಳಲ್ಲಿ ಇಮೊಬಿಲೈಸರ್ ಇರಲಿಲ್ಲ. ಅವನ್ನು ಒಂದು ಯುಎಸ್‌ಬಿ ಕೇಬಲ್ ತುದಿಯಿಂದ ಸ್ಟಾರ್ಟ್ ಮಾಡುವ ವಿಡಿಯೊಗಳು ಟಿಕ್‌ಟಾಕ್‌ನಲ್ಲಿ ಹರಡಿದವು. ಹದಿಹರೆಯದ ಹುಡುಗರು ಕಾರು ಕದ್ದು ಓಡಿಸಿದರು, ಅಪಘಾತಗಳಲ್ಲಿ ಸತ್ತರು. ಒಂದು ಸಣ್ಣ ಚಿಪ್ಪಿನ ಖರ್ಚು ಉಳಿಸಿದ್ದಕ್ಕೆ ಇಷ್ಟು. ನನಗೆ ಅದನ್ನು ಓದಿ ಹೊಟ್ಟೆ ಉರಿಯಿತು.

ಮತ್ತೆ ಮೇಲುಕೋಟೆಗೆ ಬರುತ್ತೇನೆ. ಭಾಯ್ ಟ್ಯಾಬ್ ಥರದ ಒಂದು ಯಂತ್ರ ತೆಗೆದು, ಅದರ ವೈರನ್ನು ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಸಿಕ್ಕಿಸಿದರು. ಸರ್ವಿಸ್‌ನವರು ಕಾರಿನ ತೊಂದರೆ ನೋಡುವುದೂ ಅದೇ ಪೋರ್ಟಿನಲ್ಲಿ. ಏನೇನೋ ಓದಿ ಮುಗಿಸಿದ ಮೇಲೆ ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದರು. ಕಾರು ಒಪ್ಪಿಕೊಂಡಿರುವ ಕೀಗಳು: 2.

“ಒಂದು ನೀರಲ್ಲಿದೆ. ಇನ್ನೊಂದು ಯಾರ ಹತ್ರ ಇದೆ?”

ಅಪ್ಪ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಇಷ್ಟು ವರ್ಷ ಈ ಕಾರು ನಮ್ಮ ಮನೆ ಮುಂದೆ ರಸ್ತೆಯಲ್ಲಿ ನಿಂತಿದೆ. ರಾತ್ರಿ ಹನ್ನೊಂದಕ್ಕೆ ಅಮ್ಮ ಕಿಟಕಿಯಿಂದ ಒಂದು ಸಲ ಇಣುಕಿ, ಕಾರು ಇದೆ ಅಂತ ನೋಡಿ ಮಲಗುತ್ತಾರೆ. ಎಲ್ಲೋ, ಯಾರದೋ ಡ್ರಾಯರಿನಲ್ಲಿ ಅದನ್ನು ಸ್ಟಾರ್ಟ್ ಮಾಡುವ ಇನ್ನೊಂದು ಕೀ ಬಿದ್ದಿತ್ತು. ಆರ್‌ಸಿಯಲ್ಲಿ ಅಪ್ಪನ ಹೆಸರು ಬಂತು, ಇನ್ಶೂರೆನ್ಸ್ ಅಪ್ಪನ ಹೆಸರಿಗೆ ಆಯಿತು. ಕಾರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅದರ ಲೆಕ್ಕದಲ್ಲಿ ಹಳೆ ಮಾಲೀಕರು ಇನ್ನೂ ಮನೆಯವರೇ.

ಆಗ ಭಾಯ್ ಕೇಳಿದ ಪ್ರಶ್ನೆ ನನಗೆ ಬೇರೆಯಾಗಿ ಕೇಳಿಸಿತು. ಅಪ್ಪನಿಗೆ ಅದು ಅವಮಾನ. ನನಗೆ, ಈ ಕಾರಿನ ವಿಷಯದಲ್ಲಿ ಮೊದಲ ಬಾರಿಗೆ ಒಬ್ಬರು ಕೇಳಬೇಕಾದ್ದನ್ನು ಕೇಳಿದರು ಅನ್ನಿಸಿತು. ಮಾರಿದವರು ಕೇಳಿಸಿಕೊಳ್ಳಲಿಲ್ಲ. ಮಧ್ಯೆ ನಿಂತು ಕಮಿಷನ್ ತೆಗೆದುಕೊಂಡ ಬ್ರೋಕರ್ ಕೇಳಲಿಲ್ಲ. ಸರ್ವಿಸ್‌ಗೆ ಬಿಟ್ಟಾಗ ಕೀ ಎಷ್ಟಿದೆ ಅಂತ ಯಾರೂ ಕೇಳಿಲ್ಲ. ರಸ್ತೆ ಬದಿಯಲ್ಲಿ ಅರ ಹಿಡಿದು ಕೂತವರು ಕೇಳಿದರು. ಅವರ ಆ ಬ್ಯಾಗಿನಲ್ಲಿದ್ದ ಸಾಮಾನು, ಕೈಯಲ್ಲಿದ್ದ ವಿದ್ಯೆ ಸೇರಿದರೆ ಆ ಬೀದಿಯ ಎಷ್ಟೋ ಬಾಗಿಲು ತೆರೆಯುತ್ತಿದ್ದವು. ಅಂಥವರು ಒಂದು ನೋಟ್‌ಬುಕ್ ಇಟ್ಟುಕೊಂಡು ಸಹಿ ಹಾಕಿಸಿಕೊಳ್ಳುತ್ತಾರೆ. ಅದನ್ನು ಯಾರೂ ಅವರಿಗೆ ಕಡ್ಡಾಯ ಮಾಡಿಲ್ಲ. “ಒಂದ್ಸಲ ಕೆಟ್ಟ ಹೆಸರು ಬಂದ್ರೆ ಈ ಕಸುಬಲ್ಲಿ ಮತ್ತೆ ಅನ್ನ ಇಲ್ಲ” ಅಂದರು, ಅಷ್ಟೇ.

ನಮ್ಮ ಜನ ಕೀ ಮಾಡುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಚಿಕ್ಕಪ್ಪ ಕೂಡ ನನ್ನ ಕಿವಿಯಲ್ಲಿ, “ಇವನೇ ಇನ್ನೊಂದು ಕೀ ಇಟ್ಕೊಂಡ್ರೆ?” ಅಂದರು. ಕೇಳಬಾರದ ಪ್ರಶ್ನೆ ಅಂತ ನಾನು ಹೇಳುವುದಿಲ್ಲ. ಅದೇ ಪ್ರಶ್ನೆಯನ್ನು ಲಕ್ಷಗಟ್ಟಲೆ ಎಣಿಸಿ ಕಾರು ಕೊಂಡ ದಿನ ಯಾಕೆ ಕೇಳಲಿಲ್ಲ? ಶರ್ಟು ಇಸ್ತ್ರಿ ಮಾಡಿದವರನ್ನು ಕೇಳಲು ಸಂಕೋಚ, ಬೆರಳಿಗೆ ಗ್ರೀಸ್ ಮೆತ್ತಿದವರನ್ನು ಕೇಳಲು ಸಂಕೋಚವಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಭಾಯ್ ಮಾತ್ರ ಅದನ್ನು ಕೇಳಿಸಿಕೊಂಡು, ಬೇಸರ ಮಾಡಿಕೊಳ್ಳದೆ ಉತ್ತರ ಕೊಟ್ಟರು. ಕಾರಿನ ನೆನಪಿನಿಂದ ಹಳೆಯ ಎರಡು ಕೀಗಳನ್ನೂ ಅಳಿಸಿ, ಚಿಪ್ ಇರುವ ಹೊಸ ಎರಡನ್ನು ಬರೆದರು. ಕೊನೆಗೆ ಮತ್ತೆ ಸ್ಕ್ರೀನ್ ತೋರಿಸಿ, “ಎಣಿಸ್ಕೊಳ್ಳಿ, ಎರಡು. ನಿಮ್ಮ ಕೈಲಿರೋದೂ ಎರಡು” ಅಂದರು.

ಇನ್ನೂ ಒಂದು ಮಾತು ಮುಚ್ಚಿಡದೆ ಹೇಳಿದರು. ಕಳೆದುಹೋದ ಕೀಯಿಂದ ಇನ್ನು ಇಂಜಿನ್ ಹತ್ತುವುದಿಲ್ಲ, ಆದರೆ ಬಾಗಿಲು ತೆರೆಯುತ್ತದೆ. ಲೋಹದ ಹಲ್ಲು ಅದೇ ತಾನೇ. ಅದೂ ಬೇಡ ಅಂದರೆ ಬಾಗಿಲು, ಸ್ಟೇರಿಂಗ್, ಡಿಕ್ಕಿ ಎಲ್ಲದರ ಲಾಕ್ ಸೆಟ್ ಬದಲಾಯಿಸಬೇಕು. ಅಪ್ಪ ಈ ವಾರ ಅದನ್ನೂ ಮಾಡಿಸುತ್ತಿದ್ದಾರೆ. ಕಾರು ಕಳುವಾಗಿ ಕ್ಲೈಮ್‌ಗೆ ಹೋದರೆ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ. ಇದನ್ನು ಹೇಳಿದ್ದೂ ಭಾಯ್. ಒಂದೇ ಕೀ ಇಟ್ಟುಕೊಂಡು ಇಷ್ಟು ವರ್ಷ ಪ್ರೀಮಿಯಂ ಕಟ್ಟಿದ ಅಪ್ಪನಿಗೆ ಅದು ಆ ಪ್ರಶ್ನೆಗಿಂತ ಜೋರಾಗಿ ನಾಟಿದಂತಿತ್ತು. ಹೊರಡುವಾಗ ತಾವೇ ಹೋಗಿ ಪುಳಿಯೋಗರೆ ಪೊಟ್ಟಣ ಕಟ್ಟಿಸಿಕೊಂಡು ಬಂದು ಭಾಯ್ ಬ್ಯಾಗಿನಲ್ಲಿಟ್ಟರು.

ಮಂಗಳವಾರ ಇದನ್ನೆಲ್ಲ ನನ್ನ ಗೆಳತಿಗೆ ಹೇಳಿದೆ. ಅವಳು ಸ್ವಲ್ಪ ದಿನದ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದಾಳೆ. ಎರಡೂ ಕೀ ಕೊಟ್ಟಿದ್ದಾರೆ, ತೊಂದರೆ ಇಲ್ಲ ಅಂದಳು. ಆದರೂ ಮನಸ್ಸು ತಡೆಯದೆ ಹೋಗಿ ಎಣಿಸಿಸಿದಳು. ಸ್ಕ್ರೀನಿನಲ್ಲಿ ಮೂರು ಬಂತು. ಅಲ್ಲೇ ನಿಂತು ಮೂರನ್ನೂ ಅಳಿಸಿ, ತನ್ನ ಕೈಯಲ್ಲಿದ್ದ ಎರಡನ್ನು ಮಾತ್ರ ಮತ್ತೆ ಬರೆಸಿಕೊಂಡು ಬಂದಿದ್ದಾಳೆ. ಮಾರಿದವರಿಗೆ ಫೋನ್ ಮಾಡಿದರೆ, ಮೂರನೆಯದು ಹಳೆಯ ಡ್ರೈವರ್ ಹತ್ತಿರ ಇರಬೇಕು ಅಂದರಂತೆ.