ದೊಡ್ಡಮ್ಮ ನೋಡಿದ ವೈಟ್‌ರನ್

ಹಾಸನ, 20 ಜುಲೈ 2024, ಶನಿವಾರ

ಸಕಲೇಶಪುರದ ಮಳೆ ಹಾಸನಕ್ಕೂ ಬಂದು ಕುಳಿತಿದೆ. ದೊಡ್ಡಮ್ಮನ ಮಂಡಿಯನ್ನು ಮೂಳೆ ವೈದ್ಯರಿಗೆ ತೋರಿಸಿಕೊಂಡು ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಇವತ್ತೇ ಊರಿಗೆ ಹೊರಡುತ್ತೇನೆಂದು ಹಟ ಹಿಡಿದರು. ಹಾನುಬಾಳಿನ ಕಡೆ ಮರ ಬಿದ್ದು ಬಸ್ಸು ನಿಂತಿದೆಯಂತೆ ಎಂದು ಹೇಳಿ ಉಳಿಸಿಕೊಂಡೆ. ಈ ಮಳೆಗೆ ಎಲ್ಲಾದರೂ ಒಂದು ಮರ ಬಿದ್ದೇ ಇರುತ್ತದೆ.

ಕೇಬಲ್ ಬೆಳಗ್ಗೆಯೇ ಕೈಕೊಟ್ಟಿತ್ತು. ಧಾರಾವಾಹಿ ಇಲ್ಲವೆಂದಾದ ಮೇಲೆ ದೊಡ್ಡಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, ನಾನು ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಆಡುತ್ತಿದ್ದ ಸ್ಕೈರಿಮ್ ಅನ್ನೇ ನೋಡತೊಡಗಿದರು. ಎಲ್ಡರ್ ಸ್ಕ್ರೋಲ್ಸ್ ಸರಣಿಯ ಐದನೆಯ ಆಟ, 2011ರ ನವೆಂಬರ್ 11ರಂದು ಬಂದದ್ದು. ನಾನು ಡ್ರ್ಯಾಗನ್ನುಗಳ ಆತ್ಮವನ್ನೇ ಹೀರಬಲ್ಲ ವೀರ, ಲೋಕವನ್ನು ಉಳಿಸಬೇಕಾದವನು ಎಂದೆಲ್ಲ ಕಥೆ ತೆಗೆದೆ. ದೊಡ್ಡಮ್ಮನ ಕಣ್ಣು ಆಗಲೇ ವೈಟ್‌ರನ್ ಪೇಟೆಯ ತರಕಾರಿ ಅಂಗಡಿಯ ಮೇಲಿತ್ತು.

“ಅವಳು ಯಾರು?”

ಕಾರ್ಲೊಟ್ಟಾ ಎಂದೆ. ಪಕ್ಕದಲ್ಲಿರುವ ಹುಡುಗಿ ಅವಳ ಮಗಳು, ಮಿಲಾ.

“ಗಂಡ?”

ಆಟದಲ್ಲಿ ಕಾಣುವುದಿಲ್ಲ ಎಂದೆ. ಹನ್ನೆರಡು ವರ್ಷದಿಂದ ಅವಳ ಮುಂದೆ ಓಡಾಡುತ್ತಿದ್ದೇನೆ, ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

“ಆಲೂಗಡ್ಡೆ ಹೇಗೆ ಕೊಡುತ್ತಾಳೆ ಕೇಳು.”

ತೆರೆದು ತೋರಿಸಿದೆ. ಒಂದಕ್ಕೆ ಎರಡು ಮೂರು ಚಿನ್ನದ ನಾಣ್ಯ. ದೊಡ್ಡಮ್ಮ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. ಹಾಸನದ ಆಲೂಗಡ್ಡೆಯನ್ನು ಲಾರಿಗಟ್ಟಲೆ ನೋಡಿದವರು ಅವರು. “ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಈ ರೇಟು ಹೇಳಿದ್ದರೆ ಬುಟ್ಟಿ ಸಮೇತ ಎಬ್ಬಿಸುತ್ತಿದ್ದರು” ಎಂದರು. ಆಮೇಲೆ, ರಾತ್ರಿ ಅಂಗಡಿ ಮುಚ್ಚುತ್ತಾಳೋ ಇಲ್ಲವೋ ಎಂದು ಕೇಳಿದರು. ಗಡಿಯಾರವನ್ನು ರಾತ್ರಿ ಹತ್ತಕ್ಕೆ ಓಡಿಸಿದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ದೊಡ್ಡಮ್ಮನಿಗೆ ಸಮಾಧಾನವಾಯಿತು.

ಇದೇ ಸರಣಿಯ ಹಳೆಯ ಆಟ, 2002ರ ಮಾರೋವಿಂಡ್‌ನಲ್ಲಾಗಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಅದರಲ್ಲಿ ಅಂಗಡಿಯವರು ಹಗಲೂ ರಾತ್ರಿ ನಿಂತಲ್ಲೇ ನಿಂತಿರುತ್ತಿದ್ದರು. ಏಳುವುದು, ಉಣ್ಣುವುದು, ದುಡಿಯುವುದು, ಮಲಗುವುದು ಎಂಬ ದಿನಚರಿ ಈ ಜನಕ್ಕೆ ಸಿಕ್ಕಿದ್ದು ಅದರ ಮುಂದಿನ ಆಟ, 2006ರ ಒಬ್ಲಿವಿಯನ್‌ನಿಂದ. ಆ ವ್ಯವಸ್ಥೆಗೆ ರೇಡಿಯಂಟ್ ಎಐ ಎಂದು ಹೆಸರಿಟ್ಟಿದ್ದರು.

ಬೀದಿಯಲ್ಲಿ ಕಾವಲುಗಾರನೊಬ್ಬ ತನ್ನ ಪ್ರಸಿದ್ಧ ಮಾತನ್ನು ಆಡಿದ. ನಾನೂ ನಿನ್ನಂತೆ ಸಾಹಸ ಮಾಡುತ್ತಿದ್ದವನೇ, ಮಂಡಿಗೆ ಬಾಣ ಬಿತ್ತು ಎಂದು. ಅರ್ಥ ಹೇಳಿದೆ. “ಅಯ್ಯೋ ಪಾಪ” ಎಂದರು ದೊಡ್ಡಮ್ಮ, ತಮ್ಮ ಮಂಡಿಯನ್ನು ಒತ್ತಿಕೊಳ್ಳುತ್ತಾ. ಸ್ವಲ್ಪ ದೂರ ಹೋದಾಗ ಇನ್ನೊಬ್ಬನೂ ಅದನ್ನೇ ಹೇಳಿದ.

“ಇವನಿಗೂ ಮಂಡಿಗೇ ಬಿತ್ತೇ? ಇಷ್ಟು ಜನರ ಮಂಡಿಗೇ ಗುರಿಯಿಟ್ಟು ಹೊಡೆದ ಪಾಪಿ ಯಾರಪ್ಪಾ?”

70ಕ್ಕೂ ಹೆಚ್ಚು ಕಲಾವಿದರು 60,000ಕ್ಕೂ ಹೆಚ್ಚು ಸಾಲುಗಳಿಗೆ ದನಿ ಕೊಟ್ಟ ಆಟ ಇದು. ಆದರೂ ಕಾವಲುಗಾರರೆಲ್ಲ ಒಂದೇ ಮಾತಿನ ಗಂಟನ್ನು ಹಂಚಿಕೊಂಡವರು. ಇದನ್ನು ವಿವರಿಸಲು ಹೋಗಲಿಲ್ಲ. ವೈದ್ಯರ ಕೋಣೆಯ ಹೊರಗೆ ಬೆಳಗ್ಗೆ ಸಾಲಾಗಿ ಕುಳಿತವರೂ ಒಂದೇ ಮಾತು ಆಡುತ್ತಿದ್ದರಲ್ಲ!

ಮೈಕೇಲನ ಪ್ರಕರಣ ಬೇಗ ಮುಗಿಯಿತು. ಇವನು ಬ್ಯಾನರ್ಡ್ ಮೇರ್ ಎಂಬ ಛತ್ರದಲ್ಲಿ ಹಾಡುವವನು, ಕಾರ್ಲೊಟ್ಟಾಳ ಬೆನ್ನು ಬಿದ್ದಿದ್ದಾನೆ. ಅವನನ್ನು ಮಾತಿನಲ್ಲಿ ಒಪ್ಪಿಸಬಹುದು, ದುಡ್ಡು ಕೊಟ್ಟು ಸುಮ್ಮನಾಗಿಸಬಹುದು, ಇಲ್ಲವೇ ಕೈ ಕೈ ಮಿಲಾಯಿಸಬಹುದು. “ದುಡ್ಡು ಯಾಕೆ ಕೊಡುತ್ತೀಯಾ, ಎರಡು ಬಿಡು” ಎಂದರು. ಬಿಟ್ಟೆ.

ಬಿಸಿ ಏರಿದ್ದು ಲಿಡಿಯಾಳ ವಿಷಯಕ್ಕೆ. ನಾನು ಮೊದಲ ಡ್ರ್ಯಾಗನ್ ಕೊಂದು ಬಂದದ್ದಕ್ಕೆ ವೈಟ್‌ರನ್ನಿನ ದೊರೆ ಬಾಲ್‌ಗ್ರೂಫ್ ಇವಳನ್ನು ನನಗೆ ಬಂಟಳಾಗಿ ಕೊಟ್ಟ ಎಂದೆ.

“ಕೊಟ್ಟನೇ? ಅವಳನ್ನು ಕೇಳಿದನೇ?”

ಉತ್ತರ ತೋಚದೆ ಲಿಡಿಯಾಳ ಚೀಲವನ್ನು ತೆರೆದೆ. ನಿಮ್ಮ ಹೊರೆ ಹೊರುವುದಾಗಿ ಆಣೆ ಮಾಡಿದ್ದೇನೆ ಎಂದಳು ಅವಳು, ಎಂದಿನಂತೆ. ಭಾಷೆ ತಿಳಿಯದಿದ್ದರೂ ದೊಡ್ಡಮ್ಮನಿಗೆ ದನಿ ತಿಳಿಯಿತು. “ಮನಸ್ಸಿಲ್ಲದೆ ಹೇಳುತ್ತಿದ್ದಾಳೆ ನೋಡು. ಏನು ಹೊರಿಸಿದ್ದೀಯಾ?”

ಡ್ರ್ಯಾಗನ್ನಿನ ಎಲುಬು, ಹನ್ನೆರಡು. ಒಂದೊಂದರ ತೂಕ 15.

ದೊಡ್ಡಮ್ಮ ಮಾತಾಡಲಿಲ್ಲ. ಬೆರಳು ಮಡಿಸಿ ಲೆಕ್ಕ ಹಾಕಿದರು. ಆಮೇಲೆ, ತೋಟದಲ್ಲಿ ಹಣ್ಣು ಕೊಯ್ಯುವ ಹೆಂಗಸರೂ ಕಾಫಿ ಮೂಟೆ ಹೊರುತ್ತಾರೆ, ಆದರೆ ಸಂಜೆ ಕಣದಲ್ಲಿ ಇಳಿಸುತ್ತಾರೆ ಎಂದರು. “ನೀನು ಯಾವತ್ತಾದರೂ ಇಳಿಸಿದ್ದೀಯಾ?”

ಈ ಆಟಕ್ಕೆ 2012ರಲ್ಲಿ ಸೇರಿಸಿದ ಡಾನ್‌ಗಾರ್ಡ್ ಎಂಬ ವಿಸ್ತರಣೆಯಲ್ಲಿ ಬರುವ ಇನ್ನೊಬ್ಬ ಸಂಗಾತಿ ಸೆರಾನಾಳಿಗೆ ತಂದೆ ತಾಯಿಯ ಜಗಳ, ಮನೆತನದ ಹಗೆ ಎಲ್ಲವನ್ನೂ ಬರೆದಿದ್ದಾರೆ. ಬಾಯಿ ತೆರೆದರೆ ಕಥೆ. ಲಿಡಿಯಾಳಿಗೆ ಬರೆದದ್ದು ಬೆರಳೆಣಿಕೆಯ ಸಾಲುಗಳು. ಆದರೂ ನನಗೆ ಲಿಡಿಯಾಳೇ ಇಷ್ಟ. ದನಿ ಕೊಟ್ಟಾಕೆ ಆ ಒಂದು ಸಾಲಿನೊಳಗೆ ಇಟ್ಟ ಬೇಸರ, ಬರೆದವರ ಹತ್ತು ಪುಟಕ್ಕೆ ಸಮ.

ಮೂರು ಗಂಟೆ ನೋಡಿದರು. ಡ್ರ್ಯಾಗನ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ವೀರನ ಹೆಸರನ್ನೂ.

21 ಜುಲೈ, ಭಾನುವಾರ

ತಿಂಡಿಯ ಹೊತ್ತಿಗೆ ದಾರಿಯಲ್ಲಿ ಮಾಯ್ಕ್ ಸಿಕ್ಕ. ಬೆಕ್ಕಿನ ಮುಖದವನು, ಸುಳ್ಳ ಎಂದೇ ಬಿರುದು. 2002, 2006, 2011, ಮೂರೂ ಆಟಗಳಲ್ಲಿ ಹೀಗೆ ಅಡ್ಡ ಬರುತ್ತಾನೆ. ತನ್ನ ಅಪ್ಪನ ಹೆಸರೂ ಮಾಯ್ಕ್, ಅಜ್ಜನದೂ ಅದೇ ಎನ್ನುತ್ತಾನೆ. “ಅದರಲ್ಲಿ ಸುಳ್ಳೇನಿದೆ? ನಿನಗೂ ನಿನ್ನ ತಾತನ ಹೆಸರೇ ತಾನೆ ಇಟ್ಟಿರುವುದು” ಎಂದರು ದೊಡ್ಡಮ್ಮ, ಅಕ್ಕಿರೊಟ್ಟಿ ಮುರಿಯುತ್ತಾ.

ಹತ್ತು ಗಂಟೆಯ ಬಸ್ಸಿಗೆ ಹತ್ತಿಸಿ ಬಂದೆ. ಕಿಟಕಿಯಿಂದ ಕೈಬೀಸುವ ಬದಲು ಬೆರಳು ತೋರಿಸಿ ಏನೋ ಹೇಳಿದರು. ಮಳೆಯ ಸದ್ದಿಗೆ ಕೇಳಿಸಲಿಲ್ಲ, ಆದರೆ ಗೊತ್ತಾಯಿತು.

ಮನೆಗೆ ಬಂದವನು ವೈಟ್‌ರನ್ನಿನಲ್ಲಿ 5,000 ನಾಣ್ಯ ಕೊಟ್ಟು ಕೊಂಡ ಮನೆಗೆ ಲಿಡಿಯಾಳನ್ನು ಕರೆದುಕೊಂಡು ಹೋದೆ. ಎಲುಬುಗಳನ್ನು ಒಂದೊಂದಾಗಿ ತೆಗೆದು ಪೆಟ್ಟಿಗೆಗೆ ಹಾಕಿದೆ, ಹನ್ನೆರಡನ್ನೂ. ಅವಳು ಏನೂ ಹೇಳಲಿಲ್ಲ. ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಐದು ನಿಮಿಷವಾಯಿತು, ನನಗಿನ್ನೂ ಹೊರಗೆ ಹೋಗಲಾಗಿಲ್ಲ.