ನನ್ನ ಆಗುಂಬೆಗೆ ನೆಲವೇ ಇರಲಿಲ್ಲ

ನಾನು ಮಾಡಿದ ಆಗುಂಬೆ ಘಾಟಿ ಮೊದಲ ಸಲ ಅಸೆಟ್ಟೊ ಕೋರ್ಸಾ ಅನ್ನುವ ಕಾರು ಓಡಿಸುವ ಕಂಪ್ಯೂಟರ್ ಗೇಮಿನಲ್ಲಿ ಲೋಡ್ ಆದಾಗ ಕಾರು ರಸ್ತೆಯ ಮೇಲೆ ನಿಂತಿದ್ದು ಅರ್ಧ ಸೆಕೆಂಡು ಅಷ್ಟೇ. ಆಮೇಲೆ ಟಾರಿನೊಳಗೆ ಹಾಗೇ ಇಳಿಯಿತು. ಗುಡ್ಡದೊಳಗೆ ತೂರಿಕೊಂಡು, ಕೆಳಗಿನ ಖಾಲಿ ಆಕಾಶದಲ್ಲಿ ಬೀಳುತ್ತಾ ಹೋಯಿತು. ನಾನು ಸ್ಟೀರಿಂಗ್ ಹಿಡಿದುಕೊಂಡು ಸುಮ್ನೆ ನೋಡುತ್ತಾ ಕೂತಿದ್ದೆ. ಮೂರು ತಿಂಗಳ ಕೆಲಸ ತಲೆಯ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಕಾಣುತ್ತಿತ್ತು.

ತಪ್ಪು ಆಗಿದ್ದು ಹೆಸರಲ್ಲಿ. 3ಡಿ ಆಕೃತಿ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಮಾಡಿದ ರಸ್ತೆಯ ಹೆಸರು ಈ ಗೇಮಿಗೆ ಅಂಕಿಯಿಂದ ಶುರುವಾಗಬೇಕು. 1ರೋಡ್ ಅಂತಿದ್ದರೆ ಟಾರು, 1ಗ್ರಾಸ್ ಅಂತಿದ್ದರೆ ಹುಲ್ಲು, 1ವಾಲ್ ಅಂತಿದ್ದರೆ ಗೋಡೆ. ಅಂಕಿ ಇಲ್ಲದಿದ್ದರೆ ಅದು ಬರೀ ಚಿತ್ರ. ಕಣ್ಣಿಗೆ ಕಾಣುತ್ತದೆ, ಚಕ್ರಕ್ಕೆ ಸಿಗುವುದಿಲ್ಲ. ನಾನು ಚೆಂದವಾಗಿ 'ಆಗುಂಬೆ ರೋಡ್' ಅಂತ ಇಟ್ಟಿದ್ದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಸೆಟ್ಟೊ ಕೋರ್ಸಾ ಇಟಲಿಯ ಕೂನೋಸ್ ಸಿಮುಲಾಜಿಯೋನಿ ಅನ್ನುವ ಕಂಪನಿ ಮಾಡಿದ್ದು, ಪೂರ್ತಿ ರೂಪದಲ್ಲಿ ಬಂದಿದ್ದು 2014ರ ಡಿಸೆಂಬರ್‌ನಲ್ಲಿ. ಇಷ್ಟು ಹಳೇ ಗೇಮನ್ನು ಜನ ಇವತ್ತಿಗೂ ಬಿಟ್ಟಿಲ್ಲ ಅಂದರೆ ಅದಕ್ಕೆ ದೊಡ್ಡ ಕಾರಣ ಅದರೊಳಗಿನ 'ಟ್ರ್ಯಾಕ್ಸ್' ಅನ್ನುವ ಒಂದು ಫೋಲ್ಡರ್. ಯಾರೋ ಎಲ್ಲೋ ಕೂತು ಮಾಡಿದ ಟ್ರ್ಯಾಕಿನ ಜಿಪ್ ಫೈಲ್ ತಂದು ಕಂಟೆಂಟ್ ಮ್ಯಾನೇಜರ್ ಅನ್ನುವ ಸಹಾಯಕ ಪ್ರೋಗ್ರಾಂ ಮೇಲೆ ಎಳೆದು ಬಿಟ್ಟರೆ ಆಯ್ತು, ಅದೇ ಬಿಚ್ಚಿ ಆ ಫೋಲ್ಡರಿಗೆ ಹಾಕಿಕೊಳ್ಳುತ್ತದೆ, ಹೊಸ ಊರು ಸಿಕ್ಕಿತು. ಟೋಕಿಯೋದ ಶುಟೊ ಎಕ್ಸ್‌ಪ್ರೆಸ್‌ವೇಯನ್ನೇ ಶುಟೊಕೊ ರಿವೈವಲ್ ಪ್ರಾಜೆಕ್ಟ್‌ನವರು ಗೇಮಿನೊಳಗೆ ಎಬ್ಬಿಸಿ ನಿಲ್ಲಿಸಿದ್ದಾರೆ. ರಾತ್ರಿ ಹನ್ನೊಂದಕ್ಕೆ ಆನ್‌ಲೈನ್‌ನಲ್ಲಿ ಅಲ್ಲಿ ಹೋದರೆ ನಿಜವಾದ ಜನ ಲೇನ್ ಬದಲಾಯಿಸುತ್ತಾ ಓಡಾಡುತ್ತಿರುತ್ತಾರೆ. ರೇಸೂ ಇಲ್ಲ, ಗೆಲುವೂ ಇಲ್ಲ. ನನಗಂತೂ ಅದೇ ಇಷ್ಟ.

ಹಾಗಂತ ಸಿಕ್ಕಿದ್ದೆಲ್ಲ ಒಳ್ಳೆಯದಲ್ಲ. ನನ್ನ ಡಿಸ್ಕಿನಲ್ಲಿ ಇನ್ನೂರಕ್ಕಿಂತ ಜಾಸ್ತಿ ಟ್ರ್ಯಾಕ್ ಇವೆ, ಓಡಿಸುವುದು ಹತ್ತೋ ಹನ್ನೆರಡೋ. ಎಷ್ಟೋ ಟ್ರ್ಯಾಕುಗಳು ಬೇರೆ ಗೇಮಿನಿಂದ ಕಿತ್ತು ತಂದು ಹೆಸರು ಬದಲಿಸಿದವು. ಮೊದಲು ಅದೆಲ್ಲ ಯೋಚಿಸುತ್ತಿರಲಿಲ್ಲ. ಸ್ವಂತಕ್ಕೆ ಒಂದು ತಿರುವು ಮಾಡಲು ಎರಡು ರಾತ್ರಿ ಕಳೆದ ಮೇಲೆ, ಕಿತ್ತು ತಂದದ್ದನ್ನು ದುಡ್ಡಿಗೆ ಮಾರುವವರನ್ನು ಕಂಡರೆ ಮೈ ಉರಿಯುತ್ತದೆ.

ಒಂದು ಕಾಲಕ್ಕೆ ನಾನು ಟ್ರ್ಯಾಕ್ ಆರಿಸುತ್ತಿದ್ದದ್ದು ಫೋಟೋ ನೋಡಿ. ಮರ ಚೆನ್ನಾಗಿದೆಯಾ, ಪ್ರೇಕ್ಷಕರಿದ್ದಾರಾ, ಸೂರ್ಯಾಸ್ತ ಹೇಗಿದೆ. ಆ ಚಟ ಬಿಡಿಸಿದ್ದು ನಮ್ಮ ದೇಶದ್ದೇ ಬುದ್ಧ್ ಸರ್ಕ್ಯೂಟ್. ಗ್ರೇಟರ್ ನೋಯ್ಡಾದಲ್ಲಿರುವ ಅದರ ಉದ್ದ 5.125 ಕಿಲೋಮೀಟರ್, ವಿನ್ಯಾಸ ಹರ್ಮನ್ ಟಿಲ್ಕೆಯದು. 2011ರಿಂದ 2013ರವರೆಗೆ ಮೂರು ವರ್ಷ ಅಲ್ಲಿ ಫಾರ್ಮುಲಾ ಒನ್ ನಡೆಯಿತು, ಮೂರೂ ಸಲ ಜರ್ಮನಿಯ ಸೆಬಾಸ್ಟಿಯನ್ ವೆಟಲ್ ಗೆದ್ದ. ನಾನು ಮೂರನ್ನೂ ಟಿವಿಯಲ್ಲಿ ನೋಡಿದವನು, ಅಲ್ಲಿಗೆ ಹೋಗಲು ಆಗಲಿಲ್ಲ. ಅದಕ್ಕೇ ಅದರ ಮಾಡ್ (ಗೇಮಿಗೆ ಹೊರಗಿನವರು ಮಾಡಿದ ಸೇರ್ಪಡೆ) ಸಿಕ್ಕಾಗ ಆಸೆಯಿಂದ ಹಾಕಿದೆ. ಸ್ಟ್ಯಾಂಡುಗಳೆಲ್ಲ ಅಚ್ಚುಕಟ್ಟು. ಆದರೆ ಮೂರನೇ ತಿರುವಿಗೆ ಹತ್ತಬೇಕಾದ ಏರೇ ಇಲ್ಲ! ನಾನು ಇಳಿಸಿಕೊಂಡ ಆ ಪ್ರತಿಯಲ್ಲಿ ಇಡೀ ಟ್ರ್ಯಾಕು ದೋಸೆ ಕಾವಲಿಯ ಹಾಗೆ ಸಪಾಟು. ರಸ್ತೆಯ ಉಬ್ಬುತಗ್ಗನ್ನು ಕೈಗೆ ತಿಳಿಸಬೇಕಾದ ಗೇಮಿನ ಸ್ಟೀರಿಂಗ್ ಕೈಯಲ್ಲಿ ಸತ್ತ ಹಾಗಿತ್ತು.

ಅದೇ ದಿನ ಕೂನೋಸ್‌ನವರೇ ಮಾಡಿದ ಜರ್ಮನಿಯ ನೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫಾ ಓಡಿಸಿದೆ. ಅದು 20.8 ಕಿಲೋಮೀಟರ್, ಪೂರ್ತಿ ಲೇಸರ್ ಸ್ಕ್ಯಾನ್ ಮಾಡಿದ್ದು. ಟಾರಿನ ತೇಪೆ, ಉಬ್ಬು, ಒಂದು ಪಕ್ಕಕ್ಕೆ ವಾಲಿದ ರಸ್ತೆ, ಎಲ್ಲಾ ಮೊಣಕೈವರೆಗೆ ಬರುತ್ತದೆ. ಕಣ್ಣು ಮುಚ್ಚಿದರೂ ಇದು ಬೇರೆ ರಸ್ತೆ ಅಂತ ಗೊತ್ತಾಗುತ್ತದೆ. ಮರಗಿಡವನ್ನು ಯಾರು ಬೇಕಾದರೂ ನೆಡಬಹುದು, ನೆಲ ಮಾಡುವುದೇ ಕಷ್ಟ. ಇದು ಅವತ್ತು ತಲೆಗೆ ಹೋಯಿತು. ಅರ್ಥ ಆಗಿದ್ದು ಆಗುಂಬೆಗೆ ಕೈ ಹಾಕಿದ ಮೇಲೆ.

ಆಗುಂಬೆ ಯಾಕೆ ಅಂದರೆ ಅಕ್ಕನ ಮನೆ ತೀರ್ಥಹಳ್ಳಿಯಲ್ಲಿ. ಚಿಕ್ಕಂದಿನಿಂದ ಆ 14 ಹೇರ್‌ಪಿನ್ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬೆಳೆದವನು ನಾನು. ಗೇಮಿನ ಜೊತೆಗೇ ಬರುವ ಇಟಲಿಯ ಟ್ರೆಂಟೊ ಬೊಂಡೊನೆ ಗುಡ್ಡದ ರಸ್ತೆಯನ್ನು ಹತ್ತುವಾಗೆಲ್ಲ, ಇದಕ್ಕಿಂತ ನಮ್ಮ ಘಾಟಿ ಏನು ಕಮ್ಮಿ ಅನ್ನಿಸುತ್ತಿತ್ತು.

ಎತ್ತರದ ಲೆಕ್ಕ ಎಲ್ಲಿಂದ ತರುವುದು? ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಸರ್ಕಾರವೇ ವಿಮಾನದಿಂದ ಲೇಸರ್ ಹಾಯಿಸಿ ಅಳೆದ ನೆಲದ ಲೆಕ್ಕವನ್ನು ಬಿಟ್ಟಿ ಕೊಡುತ್ತದೆ. ಅಲ್ಲಿನ ಮಾಡ್ ಮಾಡುವವರಿಗೆ ಅದೇ ಅರ್ಧ ಕೆಲಸ. ನನ್ನ ಕೈಗೆ ಸಿಕ್ಕಿದ್ದು 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಸುತ್ತಿ ರೇಡಾರ್‌ನಿಂದ ಅಳೆದ ನಾಸಾದ ಲೆಕ್ಕ. ಅದರಲ್ಲಿ ಮೂವತ್ತು ಮೀಟರಿಗೆ ಒಂದು ಚುಕ್ಕಿ. ಹೇರ್‌ಪಿನ್‌ನ ಮೇಲಿನ ರಸ್ತೆಗೂ ಕೆಳಗಿನ ರಸ್ತೆಗೂ ಕೆಲವು ಕಡೆ ಅಷ್ಟು ಅಂತರವೇ ಇರುವುದಿಲ್ಲ, ಹಾಗಾಗಿ ಎರಡೂ ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ಬಂದು ಅಂಟಿಕೊಂಡವು. ಸಾಲದ್ದಕ್ಕೆ ಆ ರೇಡಾರ್ ದಟ್ಟ ಕಾಡಿನಲ್ಲಿ ನೆಲ ಮುಟ್ಟುವುದಿಲ್ಲ, ಮರದ ಮೇಲಿನಿಂದಲೇ ವಾಪಸ್ ಬರುತ್ತದೆ. ಆಗುಂಬೆಯಲ್ಲಿ ಕಾಡಿಗೇನು ಬರ, ಹೇಳಿ. ನನ್ನ ರಸ್ತೆ ಹಲಸಿನ ಮರ ಹತ್ತಿ ಮಾವಿನ ಮರಕ್ಕೆ ಹಾರಿದ ಹಾಗೆ ಬಂತು. ಅದನ್ನೆಲ್ಲ ಕೈಯಲ್ಲೇ ಎಳೆದು ನುಣುಪು ಮಾಡಿದೆ.

ರಸ್ತೆಯ ಹೆಸರಿಗೆ ಅಂಕಿ ಹಚ್ಚಿ ನೆಲ ಸಿಕ್ಕ ಮೇಲೆ, ದೀಪಾವಳಿಗೆ ಬೆಂಗಳೂರಿಗೆ ಬಂದಿದ್ದ ಭಾವನನ್ನು ಕೂರಿಸಿದೆ. ವಾರಕ್ಕೆ ಎರಡು ಸಲ ಘಾಟಿ ಇಳಿದು ಹೆಬ್ರಿಗೆ ಹೋಗಿಬರುವವರು ಅವರು. ಗೇಮಿನ ಅಬಾರ್ತ್ 500 ಕಾರು ಕೊಟ್ಟೆ. "ಸ್ಟೀರಿಂಗ್ ಎಡಗಡೆ ಉಂಟಲ್ಲ ಮಾರಾಯ" ಅಂದರು. ಎರಡು ತಿರುವು ಹತ್ತಿ ನಿಲ್ಲಿಸಿದರು.

"ಎಂತದು ಇದು, ಹೈವೇ ಮಾಡಿಟ್ಟಿದ್ದೀಯಲ್ಲ."

"ಯಾಕೆ ಭಾವ? ತಿರುವು ಎಲ್ಲಾ ಸರಿ ಇದೆಯಲ್ಲ?"

"ತಿರುವು ಉಂಟು. ಒಳಗಡೆ ಗೋಡೆ ಹತ್ತಿದ ಹಾಗೆ ಇರ್ತದಲ್ಲ, ಅದು ಎಲ್ಲಿ? ಇದರಲ್ಲಿ ಸೆಕೆಂಡ್ ಗೇರಲ್ಲೇ ಹೋಗ್ತಾ ಇದ್ದೇನೆ."

ಸರಿಯಾಗಿ ಅಲ್ಲೇ ಕೈ ಇಟ್ಟರು. ಹೇರ್‌ಪಿನ್‌ನಲ್ಲಿ ಒಳಂಚು ಗಿಡ್ಡ, ಹೊರಂಚು ಉದ್ದ, ಏರಬೇಕಾದ ಎತ್ತರ ಮಾತ್ರ ಎರಡಕ್ಕೂ ಒಂದೇ. ಹಾಗಾಗಿ ಒಳಗಡೆ ಕಡಿದಾಗಿರುತ್ತದೆ, ಬಸ್ಸಿನವರು ಹೊರಗಡೆಯಿಂದ ಅಗಲವಾಗಿ ಬರುತ್ತಾರೆ. ನಾನು ಇಡೀ ತಿರುವನ್ನು ಊಟದ ಮೇಜಿನ ಹಾಗೆ ಮಟ್ಟ ಮಾಡಿ, ಏರನ್ನೆಲ್ಲ ನೇರ ರಸ್ತೆಗೆ ತುಂಬಿದ್ದೆ.

ಡಿಸೆಂಬರ್‌ನಲ್ಲಿ ಅವರದೇ ಕಾರಿನಲ್ಲಿ ಮೂರು ಸಲ ಹತ್ತಿ ಇಳಿದೆವು. ನನ್ನ ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದೆ, ಎತ್ತರ ಎಷ್ಟು ಏರಿತು ಎಷ್ಟು ಇಳಿಯಿತು ಅನ್ನುವುದನ್ನು ಅದು ಜಿಪಿಎಸ್‌ಗಿಂತ ಚೆನ್ನಾಗಿ ಹೇಳುತ್ತದೆ. ನಾಲ್ಕು ತಿರುವುಗಳಲ್ಲಿ ಇಳಿದು, ಗಾರೆಯವರ ರಸಮಟ್ಟದ ಹಾಗೆ ಫೋನನ್ನೇ ಟಾರಿನ ಮೇಲೆ ಅಡ್ಡ ಇಟ್ಟು ವಾಲು ನೋಡಿಕೊಂಡೆ. ಭಾವ ಆಚೆ ನಿಂತು ಬರುವ ಗಾಡಿಗಳಿಗೆ ಕೈ ತೋರಿಸುತ್ತಿದ್ದರು. ಒಂದು ಮಂಗ ನನ್ನ ನೋಟ್‌ಬುಕ್ ಮೇಲೆ ಕಣ್ಣಿಟ್ಟು ಕೂತಿತ್ತು.

ಮನೆಗೆ ಬಂದು ಹದಿನಾಲ್ಕೂ ತಿರುವು ಹೊಸದಾಗಿ ಮಾಡಿದೆ. ಈಗ ಒಳಂಚಿಗೆ ಹೋದರೆ ಮುಂದಿನ ಒಂದು ಚಕ್ರ ಹಗುರಾಗಿ ಸ್ಟೀರಿಂಗ್ ಸಡಿಲಾಗುತ್ತದೆ. ಕಂಪ್ಯೂಟರ್ ಓಡಿಸುವ ಕಾರುಗಳಿಗೆ ದಾರಿ ತೋರಿಸಲು ನಾವೇ ಒಮ್ಮೆ ನಿಧಾನವಾಗಿ ಓಡಿಸಿ ರೆಕಾರ್ಡ್ ಮಾಡಿ ಕೊಡಬೇಕು. ಒಂಬತ್ತನೇ ತಿರುವಿನಲ್ಲಿ ನಾನು ಸ್ವಲ್ಪ ಚರಂಡಿ ಕಡೆ ಹೋಗಿದ್ದೆ. ಈಗ ಎಲ್ಲಾ ಕಾರುಗಳೂ ಶಿಸ್ತಾಗಿ ಅಲ್ಲೇ ಚರಂಡಿ ಕಡೆ ಹೋಗುತ್ತವೆ. ಗೇಮಿನ ನೋಟ ಬದಲಿಸುವ ಸೇರ್ಪಡೆ ಕಸ್ಟಮ್ ಶೇಡರ್ಸ್ ಪ್ಯಾಚ್‌ನ ದುಡ್ಡು ಕೊಡುವ ಆವೃತ್ತಿಯಲ್ಲಿ ಮಳೆಯೂ ಇದೆ. ಆಗುಂಬೆಗೆ ಮಳೆ ಹಾಕದಿದ್ದರೆ ಹೇಗೆ?

ಸಂಕ್ರಾಂತಿಗೆ ಭಾವ ಮತ್ತೆ ಬಂದರು. ಈ ಸಲ ಮೊದಲ ತಿರುವಿಗೇ ಫಸ್ಟ್ ಗೇರಿಗೆ ಇಳಿಸಿದರು. "ಹಾರ್ನ್ ಎಲ್ಲುಂಟು?" ಅಂದರು, ಬಟನ್ ತೋರಿಸಿದೆ. ಪ್ರತಿ ತಿರುವಿಗೂ ಹಾರ್ನ್ ಹೊಡೆಯುತ್ತಾ ಹತ್ತಿದರು, ಮೇಲೆ ಕಾರು ತಿರುಗಿಸಿಕೊಂಡು ಇಳಿಯಲು ಶುರು ಮಾಡಿದರು. ಅರ್ಧ ಇಳಿದವರು ಒಂದು ಹೇರ್‌ಪಿನ್‌ಗೆ ಮುಂಚೆ ಎಡಕ್ಕೆ ತೆಗೆದು ಪೂರ್ತಿ ನಿಲ್ಲಿಸಿಬಿಟ್ಟರು. ಏನಾಯ್ತು ಭಾವ ಅಂದೆ.

"ತಡಿ, ಕೆಳಗಿಂದ ಮಿನಿ ಬಸ್ಸು ಬಂದ್ರೆ? ಹತ್ತೋ ಗಾಡಿಗೆ ದಾರಿ ಬಿಡಬೇಕಲ್ಲ."

ಈಗ ಸರಿಯಾದ ಒಂದು ಮಿನಿ ಬಸ್ಸಿನ ಮಾಡ್ ಹುಡುಕುತ್ತಿದ್ದೇನೆ.