ಗಾಜಿನ ಹಿಂದಿದ್ದ ಸಾಲು

ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಎಂಟು ವರ್ಷ ಇ.ಎಲ್. (ಸಂಬಳ ಸಹಿತ ಗಳಿಕೆ ರಜೆ) ಅರ್ಜಿಗಳನ್ನು ವಿಲೇವಾರಿ ಮಾಡಿದ್ದ ನನಗೆ ರಜೆಯ ಕಾನೂನು ಬಾಯಿಪಾಠ ಎಂಬ ಜಂಬವಿತ್ತು. ಅದು ಇಳಿದದ್ದು 2019ರ ಫೆಬ್ರವರಿಯಲ್ಲಿ.

ಮೂರನೇ ಲೈನಿನ ಟೈಲರ್ ಒಬ್ಬರು, ಮಗುವಿನ ಮುಡಿ ಕೊಡಲು ಮಹದೇಶ್ವರ ಬೆಟ್ಟಕ್ಕೆ ಹೋಗಬೇಕೆಂದು, ನಿಯಮದಂತೆ 15 ದಿನ ಮೊದಲೇ ನಾಲ್ಕು ದಿನದ ಇ.ಎಲ್. ಕೇಳಿದ್ದರು. ಟೋಕನ್ ನಂಬರ್ ಒತ್ತಿದಾಗ ಕಂಪ್ಯೂಟರ್ ತೋರಿಸಿದ್ದು 2018ರ ಹಾಜರಿ 170, ಬಾಕಿ ರಜೆ ಸೊನ್ನೆ. ಇ.ಎಲ್.ಗೆ ವರ್ಷದಲ್ಲಿ ಬೇಕಾದ 240 ದಿನದ ಕೆಲಸ ತುಂಬಿಲ್ಲ, ಬೇಕಿದ್ದರೆ ಎಲ್‌ಒಪಿ, ಅಂದರೆ ಸಂಬಳವಿಲ್ಲದ ರಜೆ ಹಾಕಿಕೊಳ್ಳಿ ಎಂದು ಅರ್ಜಿಯನ್ನು ಕಿಟಕಿಯಿಂದಲೇ ಹಿಂದಿರುಗಿಸಿದೆ. ಹಾಗೆ ಮಾಡಿದರೆ ಅವರ ಹಾಜರಿ ಬೋನಸ್ಸೂ ಹೋಗುತ್ತದೆಂದು ತಿಳಿದೇ ಹೇಳಿದ್ದೆ.

ಆಕೆ ಕದಲಲಿಲ್ಲ. ಹಿಂದೆ ಐದಾರು ಜನ ನಿಂತಿದ್ದರು, ಊಟದ ಬೆಲ್ಲು ಮುಗಿಯುತ್ತ ಬಂದಿತ್ತು. ಪಕ್ಕದ ನೋಟಿಸ್ ಬೋರ್ಡನ್ನೇ ನೋಡುತ್ತ, “ಸಾರ್, ಹೆರಿಗೆ ರಜೆನೂ ಲೆಕ್ಕಕ್ಕೆ ಬರ್ತದೆ ಅಂತ ಇಲ್ಲಿ ಬರ್ದಿದ್ಯಲ್ಲ” ಎಂದರು. ನಾನು ನಕ್ಕೆ. ತಪ್ಪನ್ನು ಎಲ್ಲರೆದುರೇ ತೋರಿಸಿಕೊಡುವ ಹುಮ್ಮಸ್ಸಿನಲ್ಲಿ ಎದ್ದು ಹೊರಗೆ ಬಂದು, ಗಾಜಿನ ಧೂಳನ್ನು ಅಂಗೈಯಿಂದ ಒರೆಸಿ, ಕಾರ್ಖಾನೆ ಕಾಯಿದೆಯ ಸಾರಾಂಶವನ್ನು ಗಟ್ಟಿಯಾಗಿ ಓದತೊಡಗಿದೆ. 12 ವಾರ ಮೀರದ ಹೆರಿಗೆ ರಜೆಯನ್ನು ಕೆಲಸ ಮಾಡಿದ ದಿನಗಳೆಂದೇ ಎಣಿಸಬೇಕು ಎಂಬಲ್ಲಿಗೆ ಬಂದಾಗ ನನ್ನ ಧ್ವನಿ ತಾನಾಗಿಯೇ ತಗ್ಗಿತು. ಆ ಸಾಲಿನ ಅರ್ಧಕ್ಕೆ ಕ್ಯಾಂಟೀನ್ ದರಪಟ್ಟಿ ಅಂಟಿಸಿದ್ದವನೂ ನಾನೇ.

2017ರ ನವೆಂಬರಿನಿಂದ 2018ರ ಮೇವರೆಗೆ ಅವರು 26 ವಾರ ಹೆರಿಗೆ ರಜೆಯಲ್ಲಿದ್ದರು. ಅದರಲ್ಲಿ 12 ವಾರ ಸೇರಿಸಿದರೆ 240 ದಾಟುತ್ತದೆ. (ಈಗಿನ ಕಾರ್ಮಿಕ ಸಂಹಿತೆ ಈ ಮಿತಿಯನ್ನು 180 ದಿನಕ್ಕೆ ಇಳಿಸಿದ್ದರೂ ಬರಿಯ 170 ಅದನ್ನೂ ಮುಟ್ಟುತ್ತಿರಲಿಲ್ಲ.) ಆ ವಾರಗಳು ಅರ್ಹತೆಗಷ್ಟೇ, ರಜೆ ಗಳಿಕೆಯಾಗುವುದು ದುಡಿದ 20 ದಿನಕ್ಕೆ ಒಂದರಂತೆ. 170ಕ್ಕೆ ಎಂಟೂವರೆ, ಅರ್ಧ ದಿನವನ್ನು ಪೂರ್ಣವೆಂದೇ ಹಿಡಿಯಬೇಕಾದ್ದರಿಂದ ಒಂಬತ್ತು ದಿನ. ಅವರು ಕೇಳಿದ್ದು ನಾಲ್ಕು.

ಸಾಫ್ಟ್‌ವೇರ್‌ನಲ್ಲಿ ಹೆರಿಗೆ ರಜೆಯ ಕಾಲಂ ಈ ಲೆಕ್ಕಕ್ಕೆ ಜೋಡಣೆಯೇ ಆಗಿರಲಿಲ್ಲ. ಲಕ್ಷಗಟ್ಟಲೆ ಸುರಿದು ಅದನ್ನು ಕೊಂಡಿದ್ದ ಮ್ಯಾನೇಜರ್ ಸಾಹೇಬರು, “ಇದೊಂದನ್ನು ಕೈಯಲ್ಲಿ ತಿದ್ದಿಬಿಡಿ, ಉಳಿದದ್ದನ್ನು ಕೆದಕಬೇಡಿ” ಎಂದರು. ನಾನೂ ಅದೊಂದನ್ನೇ ತಿದ್ದಿ ಸುಮ್ಮನಾದೆ.

ಬೆಟ್ಟದಿಂದ ಬಂದವರು ಕಿಟಕಿಯಲ್ಲಿ ಲಾಡು ಪ್ರಸಾದ ಇಟ್ಟು, “ನನ್ನ ಪಕ್ಕದ ಮಿಷಿನ್ ಅಕ್ಕಂಗೂ ಅದೇ ವರ್ಷ ಹೆರಿಗೆ ಆಗಿತ್ತು ಸಾರ್” ಎಂದು ಹೇಳಿ ಲೈನಿಗೆ ಹೋದರು. ಅಂದು ಸಂಜೆ ಮಸ್ಟರ್ (ಹಾಜರಿ ಪುಸ್ತಕ) ತೆಗೆದು ಕುಳಿತೆ. ಅಂಥ ಹೆಸರುಗಳು ಹನ್ನೊಂದಿದ್ದವು.